ಕೆಂಪು ರಾಟವಾಳ, ಹಸಿರು ರಾಟವಾಳ

(ಬಾನುಲಿ ಭಾಷಣ)

ಇಂಗ್ಲಿಷಿನ ‘ಫಿಂಚ್’ ಎಂಬ ಮಾತಿಗೆ ಕನ್ನಡದಲ್ಲಿ ಸರಿಹೊಂದುವ ಒಂದೇ ಶಬ್ದವಿಲ್ಲ. ಇಲ್ಲದಿರುವುದು ಕೊರತೆಯೆಂದು ನನಗೇನೂ ತೋರುವುದಿಲ್ಲ. ಆ ಮಾತು ಇಂಗ್ಲಿಷಿನಲ್ಲಿಯೇ ಒಂದು ಗೋಣಿಚೀಲವಿದ್ದಂತೆ. ಮೋಟು ಕೊಕ್ಕಿನಿಂದ ಕಾಳು ಒಡೆದು ತಿನ್ನುವ ಯಾವ ಪುಟ್ಟ ಹಕ್ಕಿ ಕಣ್ಣಿಗೆ ಬಿದ್ದರೂ ಅದನ್ನು ಆ ಚೀಲಕ್ಕೆ ಹಾಕಿಬಿಡುವುದು ಅಲ್ಲಿಯ ರೂಢಿ. ಚಳಿಗಾಲದಲ್ಲಿ ಉತ್ತರದಿಂದ ನಮ್ಮ ಮಲೆನಾಡಿಗೆ ಬಂದು ಹೋಗುವ ರೋಸ್‌ಫಿಂಚ್ ಒಂದು ಕುಟುಂಬದ್ದು. ಡಾರ್ವಿನ್ನನ ಹೆಸರಿನೊಡನೆ ಬೆಸೆದುಹೋಗಿರುವ ಗಲಪಗೋಸ್ ದ್ವೀಪಗಳ ಫಿಂಚುಗಳು ಇನ್ನೊಂದು ಕುಟುಂಬದವು. ನಾವು ರಾಟವಾಳವೆಂದೂ ಉತ್ತರದವರು ಮುನಿಯಾ ಎಂದೂ ಕರೆಯುವ ಹಕ್ಕಿಗಳದು ಮೂರನೆಯ ಕುಟುಂಬ. ಈ ಮೂರನೆಯವು ನಿಜವಾದ ಫಿಂಚುಗಳಿಗಿಂತ ನಮ್ಮ ಗೀಜಗಕ್ಕೆ ಹತ್ತಿರದ ನೆಂಟರು. ಹಾಗಿದ್ದರೂ ಫಿಂಚ್ ಎಂಬ ಹೆಸರು ಇವನ್ನು ಬಿಟ್ಟಿಲ್ಲ. ಕನ್ನಡದ ರಾಟವಾಳ ಎಂಬ ಮಾತು ಇದಕ್ಕಿಂತ ಎಷ್ಟೋ ಚೊಕ್ಕವಾದದ್ದು. ಚುಕ್ಕೆ ರಾಟವಾಳ, ಕರಿತಲೆ ರಾಟವಾಳ, ಕೆಂಪು ರಾಟವಾಳ ಎಂದು ಒಂದೇ ಮನೆತನದ ಹಕ್ಕಿಗಳನ್ನು ಅದು ಒಟ್ಟಿಗೆ ಹಿಡಿದಿಟ್ಟಿದೆ.

ಈ ಹೊತ್ತಿನ ನನ್ನ ಮಾತು ಇವುಗಳಲ್ಲಿ ಎರಡನ್ನು ಕುರಿತದ್ದು. ಒಂದು ಕೆಂಪು ರಾಟವಾಳ, ಇನ್ನೊಂದು ಹಸಿರು ರಾಟವಾಳ. ವಿಜ್ಞಾನಿಗಳು ಎರಡನ್ನೂ ‘ಅಮಂಡಾವಾ’ ಎಂಬ ಒಂದೇ ಕುಲದಲ್ಲಿ ಇರಿಸಿದ್ದಾರೆ. ಎರಡರದೂ ಒಂದೇ ಗಾತ್ರ. ಕೊಕ್ಕಿನಿಂದ ಬಾಲದ ತುದಿಯವರೆಗೆ ಅಳೆದರೆ ಸುಮಾರು 10 ಸೆಂಟಿಮೀಟರು, ಅಂದರೆ ಮುಷ್ಟಿಯೊಳಗೆ ಅಡಗುವಷ್ಟು. ಎರಡೂ ಮುಖ್ಯವಾಗಿ ಹುಲ್ಲಿನ ಬೀಜವನ್ನು ತಿಂದು ಬಾಳುತ್ತವೆ, ಎರಡೂ ಗುಂಪುಗೂಡಿ ತಿರುಗುತ್ತವೆ, ಎರಡನ್ನೂ ಮನುಷ್ಯ ಶತಮಾನಗಳಿಂದ ಹಿಡಿದು ಪಂಜರಕ್ಕೆ ಹಾಕುತ್ತ ಬಂದಿದ್ದಾನೆ. ಆದರೂ ಇವತ್ತು ಒಂದರ ಭವಿಷ್ಯದ ಬಗೆಗೆ ತಜ್ಞರಿಗೆ ಭಯವಿಲ್ಲ. ಇನ್ನೊಂದನ್ನು ಅವರು ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿದ್ದಾರೆ. ಒಡಹುಟ್ಟಿದವರಂತಿರುವ ಎರಡು ಹಕ್ಕಿಗಳ ಪಾಲಿಗೆ ಬದುಕು ಹೀಗೆ ಬೇರೆ ಬೇರೆಯಾದದ್ದು ಹೇಗೆ ಎಂಬುದೇ ಪ್ರಶ್ನೆ. ನಾನು ಪಕ್ಷಿಶಾಸ್ತ್ರ ಓದಿದವನಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಪಾಠ ಹೇಳಿದವನು. ನಾನು ಹಕ್ಕಿಯ ಬಳಿಗೆ ಹೋದದ್ದು ಹೆಸರಿನ ದಾರಿಯಿಂದ. ಆದ್ದರಿಂದ ಈ ಮಾತಿನಲ್ಲಿ ಹಕ್ಕಿಯೊಡನೆ ಶಬ್ದಗಳೂ ಬಂದರೆ ಕೇಳುಗರು ಸೈರಿಸಿಕೊಳ್ಳಬೇಕು.

ಮೊದಲು ಕೆಂಪಿನದನ್ನು ನೋಡೋಣ. ಕೆರೆಯ ಹಿನ್ನೀರಿನ ಜೊಂಡು, ಕಬ್ಬಿನ ಗದ್ದೆ, ಬತ್ತದ ಗದ್ದೆಯ ಅಂಚಿನ ಎತ್ತರದ ಹುಲ್ಲು, ಇವು ಅದರ ಮನೆ. ಮಳೆಗಾಲ ಬಂತೆಂದರೆ ಗಂಡುಹಕ್ಕಿಯ ಮೈಯೆಲ್ಲ ಕೆಂಪೇರುತ್ತದೆ; ಆ ಕೆಂಪಿನ ಮೇಲೆ ಅಕ್ಕಿನುಚ್ಚು ಎರಚಿದಂತೆ ಬಿಳಿಯ ಚುಕ್ಕೆಗಳು. ಅದು ಅದರ ಗೃಹಸ್ಥಾಶ್ರಮದ ಕಾಲ. ಹುಲ್ಲಿನ ಎಸಳುಗಳನ್ನು ಹೆಣೆದು ಚೆಂಡಿನಂಥ ಗೂಡು ಕಟ್ಟಿ ಐದಾರು ಬಿಳಿಯ ಮೊಟ್ಟೆಗಳನ್ನಿಟ್ಟು ಮರಿಮಾಡುತ್ತವೆ. ಆ ಕಾಲ ಕಳೆದ ಮೇಲೆ ಗಂಡು ತನ್ನ ಕೆಂಪನ್ನು ಕಳಚಿಟ್ಟು ಹೆಣ್ಣಿನಂತೆಯೇ ಕಂದು ಬಣ್ಣಕ್ಕೆ ತಿರುಗುತ್ತದೆ. ಚೌಕಿಗೆ ಬಂದು ಬಣ್ಣ ತೆಗೆದ ಯಕ್ಷಗಾನದ ವೇಷಧಾರಿಯನ್ನು ಹಗಲಿನಲ್ಲಿ ಬೀದಿಯಲ್ಲಿ ಕಂಡರೆ ಗುರುತು ಹತ್ತುವುದಿಲ್ಲವಲ್ಲ, ಹಾಗೆ. ಈ ಬಳಗದ ಹಕ್ಕಿಗಳಲ್ಲಿ ಋತುವಿಗೊಂದು ವೇಷ ಹಾಕುವ ಪದ್ಧತಿ ಅಪರೂಪ. ಕೊಕ್ಕಿನ ಕಥೆ ಇನ್ನೂ ಸೊಗಸಾದದ್ದು. ಮೇ ತಿಂಗಳ ಹೊತ್ತಿಗೆ ಕೊಕ್ಕು ಕೆಂಪಾಗತೊಡಗಿ, ನವೆಂಬರ್-ಡಿಸೆಂಬರಿನಲ್ಲಿ ಗಾಢವಾಗಿ, ಏಪ್ರಿಲಿನಲ್ಲಿ ಬೇಗಬೇಗನೆ ಕಪ್ಪಾಗಿಬಿಡುತ್ತದೆ. ಮತ್ತೆ ಮೇ ತಿಂಗಳಲ್ಲಿ ಕೆಂಪಿನ ಆರಂಭ. ಹಗಲಿನ ಉದ್ದ ಹೆಚ್ಚುಕಡಿಮೆಯಾಗುವುದಕ್ಕೂ ಈ ಬಣ್ಣದ ಏರಿಳಿತಕ್ಕೂ ಸಂಬಂಧವಿದೆಯೆಂದು ಶೋಧಕರು ಕಂಡಿದ್ದಾರೆ. ಪಂಚಾಂಗವನ್ನು ಕೊಕ್ಕಿನಲ್ಲಿಯೇ ಬರೆದುಕೊಂಡು ತಿರುಗುವ ಹಕ್ಕಿಯೆಂದು ಇದನ್ನು ಕರೆಯಬಹುದು. ಗಿಳಿ, ಕೋಗಿಲೆ, ಹಂಸ, ಚಕೋರಗಳ ಹಿಂದೆಯೇ ಹೋದ ನಮ್ಮ ಕವಿಸಮಯ, ಊರ ಕೆರೆಯ ದಂಡೆಯಲ್ಲಿಯೇ ಇದ್ದ ಈ ಹಕ್ಕಿಗೆ ಅಷ್ಟಾಗಿ ಸ್ಥಳ ಕೊಡಲಿಲ್ಲ.

ಹಸಿರು ರಾಟವಾಳ ಇದಕ್ಕಿಂತ ಸಂಕೋಚದ ಹಕ್ಕಿ. ಅದರ ಬೆನ್ನಿನ ಹಸಿರು ಗಿಳಿಹಸಿರಲ್ಲ. ಒಣಗತೊಡಗಿದ ಎಲೆಯ ಹಸಿರಿನಂಥದು. ಕೊರಳು ತಿಳಿಹಳದಿ, ಹೊಟ್ಟೆ ಒಳ್ಳೆಯ ಅರಿಸಿನದ ಬಣ್ಣ, ಬಾಲ ಕಪ್ಪು, ಕೊಕ್ಕು ಕೆಂಪು. ಎಲ್ಲಕ್ಕಿಂತ ಎದ್ದು ಕಾಣುವುದು ಪಕ್ಕೆಯ ಮೇಲಿನ ಕಪ್ಪು ಬಿಳುಪಿನ ಪಟ್ಟಾಪಟ್ಟಿ. ಕೆಂಪು ಹಕ್ಕಿಯಂತೆ ಇದು ವೇಷ ಬದಲಿಸುವುದಿಲ್ಲ; ವರ್ಷವೆಲ್ಲ ಒಂದೇ ಉಡುಪು. ಇದರ ಮನೆ ಕುರುಚಲು ಕಾಡಿನ ಅಂಚು, ಎತ್ತರದ ಹುಲ್ಲು, ಬೆಟ್ಟದ ಮೇಲಿನ ಹೊಲಗಳ ಬದು, ಕಬ್ಬಿನ ತೋಟ. ಕಬ್ಬಿನ ಗರಿಯಂಥ ಅಗಲವಾದ ಎಸಳುಗಳಿಂದ ಗುಮ್ಮಟದಂಥ ಗೂಡು ಕಟ್ಟುತ್ತದೆ. ಈ ಕುಲದಲ್ಲಿ ಇರುವುದು ಒಟ್ಟು ಮೂರೇ ಹಕ್ಕಿಗಳು. ಮೂರನೆಯದು ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಆಫ್ರಿಕದಲ್ಲಿದೆ. ಅದರ ಪಕ್ಕೆಯ ಮೇಲೆಯೂ ಇಂಥದೇ ಪಟ್ಟೆಗಳಿವೆ. ನಡುವೆ ಸಮುದ್ರವೂ ಮರಳುಗಾಡೂ ಇದ್ದರೂ ಮನೆತನದ ಗುರುತು ಉಳಿದುಕೊಂಡಿದೆ.

ಈಗ ಹೆಸರುಗಳಿಗೆ ಬರೋಣ. ಇಂಗ್ಲಿಷಿನಲ್ಲಿ ಈ ಹಕ್ಕಿಗಳಿಗೆ ‘ಅವಡವಾಟ್’ ಎಂಬ ವಿಚಿತ್ರವಾದ ಹೆಸರಿದೆ. ನೋಡಿದವರಿಗೆ ಯಾವುದೋ ದ್ವೀಪವಾಸಿಗಳ ಭಾಷೆಯ ಮಾತಿದು ಎನ್ನಿಸಬೇಕು. ಆದರೆ ಇದು ನಮ್ಮ ಅಹಮದಾಬಾದ್ ನಗರದ ಹೆಸರು! ಗುಜರಾತಿಗಳು ತಮ್ಮ ಊರನ್ನು ಆಡುಮಾತಿನಲ್ಲಿ ಅಮದಾವಾದ್ ಎನ್ನುತ್ತಾರೆ. ಆ ಊರಿನಿಂದ ಪಂಜರಗಳಲ್ಲಿ ಸೂರತ್ತಿನ ಬಂದರಿಗೆ ಬರುತ್ತಿದ್ದ ಹಕ್ಕಿಗೆ ಊರಿನ ಹೆಸರೇ ಅಂಟಿಕೊಂಡಿತು. ಪರದೇಶೀಯರ ನಾಲಗೆಯಲ್ಲಿ ಹೊರಳಿ ಹೊರಳಿ ಅಮಡವಾದ್, ಅಮಂಡಾವಾ, ಅವಡವಾಟ್ ಎಂದು ಸವೆಯಿತು. 1886ರಲ್ಲಿ ಹೊರಬಂದ ಹಾಬ್ಸನ್-ಜಾಬ್ಸನ್ ಎಂಬ ಪ್ರಸಿದ್ಧ ಆಂಗ್ಲೋ-ಇಂಡಿಯನ್ ಶಬ್ದಕೋಶದಲ್ಲಿ ಇದರ ಚರ್ಚೆಯಿದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಜಾನ್ ಫ್ರೈಯರ್ 1670ರ ದಶಕದಲ್ಲಿ ಪಶ್ಚಿಮ ತೀರದಲ್ಲಿ ಸುತ್ತಾಡಿದವನು. ನಮ್ಮ ಕಾರವಾರ ಗೋಕರ್ಣಗಳನ್ನೂ ಕಂಡುಹೋದವನು. 1698ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಅಹಮದಾಬಾದಿನಿಂದ ಬಂದ ಈ ಚುಕ್ಕೆಹಕ್ಕಿಗಳ ಪ್ರಸ್ತಾಪ ಬರುತ್ತದೆ. ಒಂದೊಂದು ಪಂಜರದಲ್ಲಿ ಐವತ್ತು ಹಕ್ಕಿಗಳಿದ್ದವೆಂದೂ ಒಂದು ಹಾಡತೊಡಗಿದರೆ ಉಳಿದವು ದನಿಗೂಡಿಸುತ್ತಿದ್ದವೆಂದೂ ಅವನು ಸಂತೋಷದಿಂದ ಬರೆದಿದ್ದಾನೆ. ವೈದ್ಯನಲ್ಲವೇ, ಮೈಮೇಲಿನ ಚುಕ್ಕೆಗಳನ್ನು ಕಂಡಾಗ ಅವನಿಗೆ ಹೋಲಿಕೆಯಾಗಿ ನೆನಪಾದದ್ದು ದಡಾರ. ಒಂದು ಪಂಜರಕ್ಕೆ ಐವತ್ತು ಎಂಬ ಲೆಕ್ಕವನ್ನು ಮಾತ್ರ ಕೇಳುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಜೀವಿಗಳಿಗೆಲ್ಲ ಲ್ಯಾಟಿನ್ ನಾಮಕರಣ ಮಾಡಿದ ಲಿನ್ನೇಯಸ್ 1758ರಲ್ಲಿ ಕೆಂಪು ರಾಟವಾಳವನ್ನು ‘ಫ್ರಿಂಜಿಲ್ಲಾ ಅಮಂಡಾವಾ’ ಎಂದು ಕರೆದ. ಫ್ರಿಂಜಿಲ್ಲಾ ಎಂದರೆ ಫಿಂಚ್. ಫಿಂಚುಗಳ ನಡುವಿನಿಂದ ಇದನ್ನು ಆಮೇಲೆ ಹೊರಗೆ ತಂದರು; ಅಹಮದಾಬಾದ್ ಮಾತ್ರ ಉಳಿಯಿತು. ಈಗ ಅದರ ಶಾಸ್ತ್ರೀಯ ನಾಮ ‘ಅಮಂಡಾವಾ ಅಮಂಡಾವಾ’. ಇದೇ ಹಕ್ಕಿಯನ್ನು ಫ್ರೆಂಚರು ಕೆಂಪು ಬೆಂಗಾಲಿ ಎನ್ನುತ್ತಾರೆ, ಇಂಡೋನೇಷ್ಯದವರೂ ಬಂಗಾಳದ ಹೆಸರಿನಿಂದಲೇ ಕರೆಯುತ್ತಾರೆ, ಜರ್ಮನರಿಗೆ ಇದು ಹುಲಿಫಿಂಚ್, ಸಾಕುಹಕ್ಕಿಗಳ ಅಂಗಡಿಯ ಇಂಗ್ಲಿಷಿನಲ್ಲಿ ಸ್ಟ್ರಾಬೆರಿ ಫಿಂಚ್. ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ: ಹೆಸರಿಟ್ಟವರು ಹಕ್ಕಿಯನ್ನು ಕಂಡದ್ದು ಹುಲ್ಲಿನ ನಡುವೆ ಅಲ್ಲ, ಪಂಜರದಲ್ಲಿ. ಬಂದರಿನ ಹೆಸರನ್ನು ಸರಕಿಗೆ ಇಡುವುದು ವ್ಯಾಪಾರದ ಕ್ರಮ. ಕಲ್ಲಿಕೋಟೆಯಿಂದ ಹೋದ ಬಟ್ಟೆ ಕ್ಯಾಲಿಕೋ ಆದದ್ದೂ ಹೀಗೆಯೇ.

ಹಸಿರು ರಾಟವಾಳಕ್ಕೆ ಲೇಥಂ ಎಂಬ ಇಂಗ್ಲಿಷ್ ವಿದ್ವಾಂಸ 1790ರಲ್ಲಿ ‘ಫಾರ್ಮೋಸಾ’ ಎಂಬ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಅದಕ್ಕೆ ಚೆಲುವೆ ಎಂದು ಅರ್ಥ. ಹಿಂದಿಯಲ್ಲಿ ಅದರ ಹೆಸರು ‘ಹರ್ರೇ ಲಾಲ್’. ಹರ್ರೇ ಎಂದರೆ ಹಸಿರು, ಲಾಲ್ ಎಂದರೆ ಕೆಂಪು. ಹಾಗಾದರೆ ಹಸಿರು ಕೆಂಪು ಎಂದಾಯಿತಲ್ಲ! ಕೆಂಪು ಹಕ್ಕಿ ಉತ್ತರದವರಿಗೆ ಎಷ್ಟು ಪರಿಚಿತವಾಗಿತ್ತೆಂದರೆ ಲಾಲ್ ಎಂಬ ಬಣ್ಣದ ಮಾತೇ ಹಕ್ಕಿಯ ಹೆಸರಾಗಿಹೋಯಿತು; ಅದರ ಹಸಿರು ತಂಗಿ ಬಂದಾಗ ಹಸಿರು ಲಾಲ್ ಎನ್ನುವುದರಲ್ಲಿ ಯಾರಿಗೂ ವಿರೋಧಾಭಾಸ ಕಾಣಲಿಲ್ಲ. ಹಿಂದಿಯಲ್ಲಿ ಲಾಲ್ ಎಂದರೆ ಮುದ್ದಿನ ಮಗುವೂ ಹೌದು, ಮುನಿಯಾ ಎಂಬುದು ಪುಟ್ಟ ಹುಡುಗಿಯರ ಮುದ್ದಿನ ಹೆಸರೂ ಹೌದು. ಮುದ್ದು ಮಾಡುವ ಭಾಷೆಯೇ ಪಂಜರವನ್ನೂ ಹೆಣೆಯಿತೆಂಬುದು ಸ್ವಲ್ಪ ಕಹಿಯಾದ ವಿಷಯ.

ಇವುಗಳನ್ನು ಹಿಡಿಯುವುದು ಕಷ್ಟವಲ್ಲ. ಗುಂಪಿನಲ್ಲಿ ಬಾಳುವುದೇ ಇವುಗಳಿಗೆ ಮುಳುವು. ರಾಟವಾಳ ಒಂಟಿಯಾಗಿ ಕೂರಲಾರದು. ಕೊಂಬೆಯ ಮೇಲೆ ಒಂದಕ್ಕೊಂದು ಮೈ ತಾಗಿಸಿಕೊಂಡು ಸಾಲಾಗಿ ಕೂತು ಪರಸ್ಪರ ಕೊರಳಿನ ಗರಿ ತಿದ್ದುತ್ತವೆ. ಪಂಜರದಲ್ಲಿ ಒಂದೆರಡು ಹಕ್ಕಿಗಳನ್ನಿಟ್ಟು ಹುಲ್ಲಿನ ಬಯಲಿನಲ್ಲಿ ಬಿಟ್ಟರೆ ಅವುಗಳ ಕೂಗಿಗೆ ಉಳಿದವು ಬಂದಿಳಿಯುತ್ತವೆ. ಪಕ್ಕದಲ್ಲಿ ಹಾಸಿದ ಬಲೆಯ ಹಗ್ಗ ಎಳೆದರಾಯಿತು, ಇಡೀ ಗುಂಪು ಒಳಗೆ. ಅಲ್ಲಿಂದ ಬುಟ್ಟಿಗೆ, ಬುಟ್ಟಿಯಿಂದ ರೈಲಿಗೆ, ರೈಲಿನಿಂದ ಪೇಟೆಗೆ. ಲಖನೌದ ನಖಾಸ್, ಪಟ್ನಾದ ಮೀರ್ ಶಿಕಾರ್ ಟೋಲಿ, ಕೋಲ್ಕತ್ತಾದ ಗ್ಯಾಲಿಫ್ ಸ್ಟ್ರೀಟ್ ಮೊದಲಾದವು ಹಕ್ಕಿವ್ಯಾಪಾರಕ್ಕೆ ಹೆಸರಾದ ಪೇಟೆಗಳು. ಹಾದಿಯಲ್ಲಿ ಬಾಯಾರಿ, ಉಸಿರುಕಟ್ಟಿ ಸತ್ತವುಗಳ ಲೆಕ್ಕ ಯಾವ ವ್ಯಾಪಾರಿಯ ಖಾತೆಯಲ್ಲೂ ಬರುವುದಿಲ್ಲ. ಕಂದು ಬಣ್ಣದ ರಾಟವಾಳಗಳಿಗೆ ಹಸಿರು, ಕೆಂಪು, ಹಳದಿ ಬಣ್ಣ ಹಚ್ಚಿ ಹೆಚ್ಚಿನ ಬೆಲೆಗೆ ಮಾರುವ ಕಸಬೂ ಈ ಪೇಟೆಗಳಲ್ಲಿ ಹಳೆಯದೇ. ಕೊಂಡವರು ಮನೆಗೆ ಒಯ್ದು ನೀರಿಟ್ಟರೆ, ಹಕ್ಕಿ ಒಮ್ಮೆ ಸ್ನಾನ ಮಾಡಿದ ಮೇಲೆ ಬಣ್ಣ ಮಾಸತೊಡಗುತ್ತದೆ. ಇನ್ನೊಂದು ಬಗೆಯ ಗಿರಾಕಿಗಳಿದ್ದಾರೆ: ಪುಣ್ಯಕ್ಕಾಗಿ ಹಕ್ಕಿಯನ್ನು ಕೊಂಡು ಹಾರಿಬಿಡುವವರು. ಇವರ ಮನಸ್ಸಿನ ಮೃದುತ್ವವನ್ನು ನಾನು ಆಡಿಕೊಳ್ಳಲಾರೆ. ಆದರೆ ಬಿಡುವುದಕ್ಕೆ ಹಣ ಕೊಡುವವರಿದ್ದರೆ ಹಿಡಿಯುವುದಕ್ಕೂ ಜನ ಹುಟ್ಟಿಕೊಳ್ಳುತ್ತಾರೆ. ಬೇಡಿಕೆಯ ನಿಯಮಕ್ಕೆ ಪುಣ್ಯಪಾಪದ ಭೇದ ತಿಳಿಯದು.

1970ರ ದಶಕದಲ್ಲಿ ಪಂಜರದ ಹಕ್ಕಿಗಳನ್ನು ಹೊರದೇಶಗಳಿಗೆ ಕಳಿಸುವುದರಲ್ಲಿ ಭಾರತ ಮುಂಚೂಣಿಯ ದೇಶಗಳಲ್ಲಿ ಒಂದಾಗಿತ್ತು. ಹೀಗೆ ಹಡಗು ವಿಮಾನಗಳನ್ನೇರಿ ಹೋದ ಕೆಂಪು ರಾಟವಾಳಗಳಲ್ಲಿ ಕೆಲವು ಹೋದಲ್ಲಿ ಪಂಜರದಿಂದ ತಪ್ಪಿಸಿಕೊಂಡವು. ಕೆಲವನ್ನು ಜನರೇ ಬಿಟ್ಟರು. ಅವು ಏನು ಮಾಡಿದವು ಗೊತ್ತೇ? ಅಲ್ಲಿಯ ಜೊಂಡಿನಲ್ಲಿ ಗೂಡು ಕಟ್ಟಿ ಸಂಸಾರ ಹೂಡಿದವು. ಈಜಿಪ್ಟಿನ ನೈಲ್ ನದಿಯ ದಂಡೆ, ಸ್ಪೇನ್ ಮತ್ತು ಪೋರ್ಚುಗಲ್ಲಿನ ನೀರಾವರಿ ಬಯಲು, ಫಿಜಿ, ಹವಾಯಿ, ಪೋರ್ಟೊ ರಿಕೊ, ಜಪಾನ್ ಇಲ್ಲೆಲ್ಲ ಅಹಮದಾಬಾದಿನ ಹೆಸರು ಹೊತ್ತ ಹಕ್ಕಿ ನೆಲೆಯೂರಿತು. ಮೂಲನೆಲೆಯೂ ಚಿಕ್ಕದಲ್ಲ, ಭಾರತ ಉಪಖಂಡದಿಂದ ಬರ್ಮಾ, ಥೈಲ್ಯಾಂಡ್, ವಿಯೆಟ್ನಾಂಗಳನ್ನು ದಾಟಿ ಜಾವಾ, ಬಾಲಿ ದ್ವೀಪಗಳವರೆಗೆ ಹಬ್ಬಿದೆ. ಹಸಿರು ರಾಟವಾಳದ ಕಥೆ ಬೇರೆ. ಅದು ಭಾರತವನ್ನು ಬಿಟ್ಟು ಬೇರೆಲ್ಲೂ ಇಲ್ಲ. ಭಾರತದೊಳಗೂ ರಾಜಸ್ಥಾನದ ದಕ್ಷಿಣದ ಬೆಟ್ಟಗಳಿಂದ ಮಧ್ಯಪ್ರದೇಶ, ಛತ್ತೀಸಗಡಗಳ ಮೂಲಕ ಒಡಿಶಾ ಮತ್ತು ಆಂಧ್ರದ ಉತ್ತರಭಾಗದ ಕಡೆಗೆ ಚದುರಿದ ತುಣುಕುಗಳಲ್ಲಿ ಮಾತ್ರ ಇದೆ. ನಮ್ಮ ಕರ್ನಾಟಕ ಅದರ ನೆಲೆಯಲ್ಲ. ಲಾಹೋರಿನ ಬಳಿ ಪಂಜರದಿಂದ ತಪ್ಪಿಸಿಕೊಂಡ ಒಂದು ಗುಂಪು ಕೆಲವು ಕಾಲ ಇತ್ತು, ಆಮೇಲೆ ಉಳಿಯಲಿಲ್ಲ.

ಎರಡರ ಬದುಕು ಕವಲೊಡೆದ ಸ್ಥಳ ಇದೇ ಎಂದು ನನ್ನ ತಿಳಿವಳಿಕೆ. ಬಲೆ ಒಂದೇ, ಪಂಜರ ಒಂದೇ, ಪೇಟೆ ಒಂದೇ. ಆದರೆ ಕೆರೆಯಿಂದ ಹತ್ತು ಬಿಂದಿಗೆ ನೀರು ಎತ್ತಿದರೆ ಕೆರೆಗೆ ಗೊತ್ತಾಗುವುದಿಲ್ಲ. ಗುಡಾಣದಿಂದ ಎತ್ತಿದರೆ ತಳ ಕಾಣುತ್ತದೆ. ಕೆಂಪು ಹಕ್ಕಿಯ ಒಂದು ಗುಂಪು ಬಲೆಗೆ ಬಿದ್ದರೆ ಆಚೆಯ ಕೆರೆಯಿಂದ ಇನ್ನೊಂದು ಗುಂಪು ಬಂದು ಆ ಜೊಂಡಿಗೆ ಸೇರಿಕೊಳ್ಳುತ್ತದೆ. ಹಸಿರು ಹಕ್ಕಿಯ ಒಂದು ಗುಂಪು ಬಲೆಗೆ ಬಿದ್ದರೆ ಆ ಬೆಟ್ಟ ಬರಿದಾಗುತ್ತದೆ; ಪಕ್ಕದ ನೆಲೆ ಎಷ್ಟೋ ಹರದಾರಿ ದೂರ, ನಡುವೆ ಹುಲ್ಲಿದ್ದ ನೆಲವೆಲ್ಲ ಹೊಲವೋ ಗಣಿಯೋ ಬಡಾವಣೆಯೋ ಆಗಿದೆ. ಅಪರೂಪದ್ದೆಂಬ ಕಾರಣಕ್ಕೇ ಅದಕ್ಕೆ ಬೆಲೆ ಹೆಚ್ಚು, ಬೆಲೆ ಹೆಚ್ಚೆಂಬ ಕಾರಣಕ್ಕೇ ಅದನ್ನು ಹುಡುಕಿಕೊಂಡು ಹೋಗುವವರೂ ಹೆಚ್ಚು.

ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವೊಂದು 1948ರಲ್ಲಿ ಸ್ಥಾಪನೆಯಾಗಿ, 1964ರಿಂದ ‘ಕೆಂಪು ಪಟ್ಟಿ’ಯೊಂದನ್ನು ನಡೆಸಿಕೊಂಡು ಬಂದಿದೆ. ಜೀವಿಗಳ ಪರಿಸ್ಥಿತಿಯನ್ನು ಅಳೆದು ಮೆಟ್ಟಿಲು ಮೆಟ್ಟಿಲಾಗಿ ಇಡುವ ಪಟ್ಟಿ ಅದು. ಕೆಂಪು ರಾಟವಾಳ ಅದರ ಅತ್ಯಂತ ನಿರಾತಂಕದ ಮೆಟ್ಟಿಲಿನಲ್ಲಿದೆ. ಹಸಿರು ರಾಟವಾಳ ಎರಡು ಮೆಟ್ಟಿಲು ಆಚೆಗೆ, ಅಪಾಯದ ಹೊಸ್ತಿಲು ದಾಟಿದವುಗಳ ಸಾಲಿನಲ್ಲಿದೆ. ಈ ಮೆಟ್ಟಿಲಿಗೆ ಸೇರಿಸಲು ಕಟ್ಟುನಿಟ್ಟಾದ ಲೆಕ್ಕಗಳಿವೆ. ಹತ್ತು ವರ್ಷಗಳಲ್ಲಿ ಅಥವಾ ಮೂರು ತಲೆಮಾರುಗಳಲ್ಲಿ, ಯಾವುದು ದೀರ್ಘವೋ ಅಷ್ಟರಲ್ಲಿ, ಸಂಖ್ಯೆ ಶೇಕಡಾ 30ರಷ್ಟು ಕುಸಿದಿರಬೇಕು ಎಂಬುದು ಒಂದು ಅಳತೆ. ಪ್ರೌಢ ಹಕ್ಕಿಗಳು 10,000ಕ್ಕಿಂತ ಕಡಿಮೆಯಿದ್ದು ಇನ್ನೂ ಇಳಿಯುತ್ತಲೇ ಇರಬೇಕು ಎಂಬುದು ಇನ್ನೊಂದು. ಅಳತೆಗಳು ಇನ್ನೂ ಇವೆ.

ಇಲ್ಲಿ ಕನ್ನಡದ ಮೇಷ್ಟರಾಗಿ ಒಂದು ತಕರಾರು ಹೇಳದೆ ಮುಂದೆ ಹೋಗಲಾರೆ. ಆ ನಿರಾತಂಕದ ಮೆಟ್ಟಿಲಿನ ಇಂಗ್ಲಿಷ್ ಹೆಸರನ್ನು ನಮ್ಮ ಪತ್ರಿಕೆಗಳು ‘ಕನಿಷ್ಠ ಕಾಳಜಿ’ ಎಂದು ತಂದಿವೆ. ಕನ್ನಡದಲ್ಲಿ ಈ ಮಾತನ್ನು ಓದಿದವನಿಗೆ ಏನು ಅರ್ಥವಾಗಬೇಕು? ಈ ಹಕ್ಕಿಯ ಬಗೆಗೆ ಅತಿ ಕಡಿಮೆ ಕಾಳಜಿ ವಹಿಸಿದರೆ ಸಾಕು ಎಂದೇ ಅಲ್ಲವೇ? ಪಟ್ಟಿಯನ್ನು ಮಾಡಿದವರ ಇಂಗಿತ ಅದಲ್ಲ. ಇದು ಇಡಿಯಾಗಿ ಅಳಿದುಹೋಗುವ ಭಯ ಸದ್ಯಕ್ಕೆ ಇಲ್ಲ ಎಂಬಷ್ಟೇ ಅವರ ಮಾತು. ಕಾಳಜಿಯೆಂದರೆ ನಾವು ಮಾಡಬೇಕಾದ ಆರೈಕೆ, ಆತಂಕವೆಂದರೆ ಬರಬಹುದಾದ ಕೇಡಿನ ಭಯ. ಎರಡನ್ನೂ ಇಂಗ್ಲಿಷ್ ಒಂದೇ ಶಬ್ದದಲ್ಲಿ ಅಡಗಿಸಿತು, ನಾವು ತಪ್ಪಾದ ಅರ್ಧವನ್ನು ಆರಿಸಿಕೊಂಡೆವು. ಹಸಿರು ಹಕ್ಕಿಯ ಮೆಟ್ಟಿಲಿಗೂ ಇದೇ ಗತಿ. ಅದನ್ನು ‘ದುರ್ಬಲ’ ಎಂದು ಕರೆಯುವುದುಂಟು. ಹಕ್ಕಿ ದುರ್ಬಲವಲ್ಲ. ಬೆಟ್ಟದ ಚಳಿ, ಬಿಸಿಲು, ಗಿಡುಗ ಎಲ್ಲವನ್ನೂ ಎದುರಿಸಿ ಇಷ್ಟು ಕಾಲ ಬಾಳಿದೆ. ದುರ್ಬಲವಾದದ್ದು ಅದು ನಿಂತಿರುವ ನೆಲ. ‘ಅಪಾಯಕ್ಕೆ ಒಡ್ಡಿಕೊಂಡದ್ದು’ ಎಂದರೆ ಮಾತು ಉದ್ದವಾದೀತು, ಆದರೆ ಸತ್ಯಕ್ಕೆ ಹತ್ತಿರವಾಗುತ್ತದೆ. ಇದು ಬರಿಯ ಶಬ್ದಜಿಜ್ಞಾಸೆ ಎಂದು ತಳ್ಳಿಹಾಕಬಾರದು. ‘ಕನಿಷ್ಠ ಕಾಳಜಿ’ ಎಂದು ಅಚ್ಚಾದುದನ್ನು ಓದಿದ ಅಧಿಕಾರಿ ಕೆರೆಯಂಚಿನ ಜೊಂಡನ್ನು ಕೀಳಿಸಲು ಸಹಿ ಹಾಕುವಾಗ ಅವನ ಕೈ ಅಳುಕುವುದಿಲ್ಲ.

ಕಾನೂನಿನ ರಕ್ಷಣೆ ಎರಡು ಹಕ್ಕಿಗಳಿಗೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಆಮೇಲೆ 1990-91ರಲ್ಲಿ ದೇಶದ ಕಾಡುಹಕ್ಕಿಗಳ ವ್ಯಾಪಾರದ ಮೇಲೆ ಬಿದ್ದ ಪೂರ್ಣ ನಿಷೇಧ, ಇವುಗ‍ಳಿಂದಾಗಿ ಯಾವ ರಾಟವಾಳವನ್ನು ಹಿಡಿಯುವುದೂ ಮಾರುವುದೂ ಕೊಳ್ಳುವುದೂ ಅಪರಾಧ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಹಸಿರು ರಾಟವಾಳ 1997ರಲ್ಲಿ ಸೇರಿತು. ಯುರೋಪಿನ ಒಕ್ಕೂಟ ಹಕ್ಕಿಜ್ವರದ ಭಯದಿಂದ 2005ರಲ್ಲಿ ಕಾಡುಹಕ್ಕಿಗಳ ಆಮದನ್ನು ತಡೆಹಿಡಿದು 2007ರಲ್ಲಿ ಅದನ್ನು ಶಾಶ್ವತಗೊಳಿಸಿತು. ಹಕ್ಕಿಗಳ ಮೇಲಿನ ಕರುಣೆ ಮಾಡದಿದ್ದುದನ್ನು ಒಂದು ರೋಗದ ಭಯ ಮಾಡಿತು. ಒಳನಾಡಿನಲ್ಲಿ ಮಾತ್ರ ವ್ಯಾಪಾರ ಮುಚ್ಚಿದ ಬುಟ್ಟಿಗಳಲ್ಲಿ ನಡೆದೇ ಇದೆ.

ಹಿಡಿಯುವವರ ಕಡೆಯಿಂದಲೂ ಒಂದು ಮಾತು ಹೇಳಬೇಕು. ನಮ್ಮ ನಾಡಿನಲ್ಲಿ ಹಕ್ಕಿಪಿಕ್ಕಿ ಎಂಬ ಜನ ಇದ್ದಾರೆ. ಹೆಸರೇ ಅವರ ಕಸುಬನ್ನು ಹೇಳುತ್ತದೆ. ಮನೆಯೊಳಗೆ ಅವರು ಆಡುವ ಮಾತು ಗುಜರಾತಿಗೆ ಹತ್ತಿರದ್ದು. ಎಂದೋ ಆ ಕಡೆಯಿಂದ ದಕ್ಷಿಣಕ್ಕೆ ಬಂದವರು. 1972ರ ಕಾಯಿದೆ ಬಂದಾಗ ಅವರ ತಲೆತಲಾಂತರದ ಕಸುಬು ಅಪರಾಧವಾಯಿತು. ಕಾಯಿದೆ ಸರಿಯಾದದ್ದೇ, ಆದರೆ ಹಕ್ಕಿಗೆ ರಕ್ಷಣೆ ಬರೆದ ಕೈ ಹಕ್ಕಿ ಹಿಡಿಯುವವನ ಊಟದ ವಿಚಾರವನ್ನು ಅಷ್ಟೇ ಬೇಗ ಬರೆಯಲಿಲ್ಲ. ಅವರಲ್ಲಿ ಬಹು ಮಂದಿ ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಮಾರುವುದಕ್ಕೆ ಹೊರಳಿದರು. ಅದನ್ನು ಮಾರುತ್ತ ಆಫ್ರಿಕದವರೆಗೂ ಹೋದರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದ ಸುದ್ದಿ ಬಂದು ನಮ್ಮಲ್ಲಿ ಅನೇಕರು ಬೆರಗಾದರು. ಪೇಟೆಗಳ ಹಿಂದಿನ ದೊಡ್ಡ ವ್ಯಾಪಾರಿಗಳಿಗೆ ಕಾಯಿದೆಯಿಂದ ಇಂಥ ಅಲೆದಾಟವೇನೂ ಬಂದಂತಿಲ್ಲ.

ಬಲೆಯನ್ನು ನಿಲ್ಲಿಸಿದರೂ ನೆಲದ ಪ್ರಶ್ನೆ ಉಳಿಯುತ್ತದೆ. ಹುಲ್ಲು ಬೆಳೆದ ನೆಲಕ್ಕೆ ನಮ್ಮ ಕಂದಾಯದ ಭಾಷೆಯಲ್ಲಿ ಗೌರವದ ಹೆಸರಿಲ್ಲ. ಕಾಡೆಂದರೆ ಮರ, ಮರವಿಲ್ಲದ್ದು ಬೀಳು, ಬಂಜರು, ಖರಾಬು. ನಮ್ಮ ಹಿರಿಯರಲ್ಲಿ ಗೋಮಾಳ, ಕಾವಲು ಎಂಬ ಮಾತುಗಳಾದರೂ ಇದ್ದವು. ಕಾವಲೆಂದರೆ ಕಾಯಬೇಕಾದದ್ದು ಎಂಬ ಅರ್ಥವಾದರೂ ಅದರೊಳಗಿತ್ತು. ಬೆಂಗಳೂರಿನ ಹತ್ತಿರದ ಹೆಸರಘಟ್ಟವನ್ನು ನೆನೆಯಿರಿ. 1894ರಲ್ಲಿ ನಗರಕ್ಕೆ ನೀರು ತರಲೆಂದು ಕಟ್ಟಿದ ಕೆರೆ ಅಲ್ಲಿದೆ; ಸುತ್ತ ವಿಸ್ತಾರವಾದ ಹುಲ್ಲುಗಾವಲಿದೆ. ಮಳೆಗಾಲದಲ್ಲಿ ಕೆಂಪು ರಾಟವಾಳವನ್ನು ನೋಡಬೇಕೆನ್ನುವ ಬೆಂಗಳೂರಿನ ಪಕ್ಷಿಪ್ರಿಯರು ಅಲ್ಲಿಗೆ ಹೋಗುತ್ತಾರೆ. ಇದನ್ನು ಸಂರಕ್ಷಿತ ಪ್ರದೇಶವಾಗಿ ಘೋಷಿಸಬೇಕೆಂಬ ಸಲಹೆಯನ್ನು 2021ರಲ್ಲಿ ರಾಜ್ಯದ ವನ್ಯಜೀವಿ ಮಂಡಳಿ ತಳ್ಳಿಹಾಕಿತು. ಹೋರಾಟ ನಿಲ್ಲಲಿಲ್ಲ, 2024ರಲ್ಲಿ ಸಚಿವಸಂಪುಟ ಐದು ಸಾವಿರ ಎಕರೆಗೂ ಮೀರಿದ ಆ ಹುಲ್ಲುನೆಲಕ್ಕೆ ಸಂರಕ್ಷಣೆಯ ಒಪ್ಪಿಗೆ ಕೊಟ್ಟಿತು. ಆತಂಕವಿಲ್ಲದ ಹಕ್ಕಿಯ ಮನೆಗೂ ಇಷ್ಟು ಓಡಾಟ ಬೇಕಾಯಿತು.

ಹಸಿರು ರಾಟವಾಳವನ್ನು ನೋಡಬೇಕಾದರೆ ರಾಜಸ್ಥಾನದ ಆಬೂ ಪರ್ವತಕ್ಕೆ ಹೋಗಬೇಕು. ನಮ್ಮವರು ಆಬೂವಿಗೆ ಹೋಗುವುದು ದಿಲ್ವಾಡಾದ ಜೈನಮಂದಿರಗಳಿಗಾಗಿ. ಅಮೃತಶಿಲೆಯಲ್ಲಿ ಬಳ್ಳಿಯನ್ನೂ ಹೂವನ್ನೂ ಕಡೆದಿಟ್ಟ ಆ ಕೆಲಸವನ್ನು ಕಂಡವರು ಮರೆಯುವಂತಿಲ್ಲ. ಅಲ್ಲಿಂದ ಗುರುಶಿಖರದ ಕಡೆಗೆ ಹೋಗುವ ದಾರಿಯಲ್ಲಿ ಅಚಲಗಢ, ಓರಿಯಾ ಎಂಬ ಊರುಗಳಿವೆ. ಓರಿಯಾದ ಸುತ್ತಿನ ಹೊಲಗಳು, ಅವುಗಳ ಅಂಚಿನ ಪೊದೆಗಳು, ಬಂಡೆಗಳ ನಡುವಿನ ಹುಲ್ಲು, ಇದು ಇಂದು ಹಸಿರು ರಾಟವಾಳಕ್ಕೆ ಅತ್ಯಂತ ಹೆಸರಾದ ನೆಲೆ. ದೇಶವಿದೇಶದ ಪಕ್ಷಿಪ್ರಿಯರು ದುರ್ಬೀನು ಹಿಡಿದು ಬೆಳಗಿನ ಜಾವಕ್ಕೆ ಅಲ್ಲಿ ನಿಲ್ಲುತ್ತಾರೆ. 1960ರಿಂದ ಆಬೂ ವನ್ಯಧಾಮವಾಗಿದೆ, 2009ರಲ್ಲಿ ಅದರ ಸುತ್ತಿನ ಪ್ರದೇಶಕ್ಕೆ ಪರಿಸರ ಸೂಕ್ಷ್ಮವಲಯವೆಂಬ ಮನ್ನಣೆಯೂ ದೊರೆತಿದೆ. ಆದರೆ ಈ ಹಕ್ಕಿ ದಟ್ಟವಾದ ಕಾಡಿನದಲ್ಲ. ಅದು ನೆಚ್ಚಿಕೊಂಡಿರುವುದು ಊರಿನ ಬದಿಯ ಹೊಲವನ್ನು, ರೈತ ಕಡಿಯದೆ ಬಿಟ್ಟ ಬದುವಿನ ಪೊದೆಯನ್ನು. ಕಾಡಿನ ಗಡಿಕಲ್ಲು ಎಲ್ಲಿ ನಿಲ್ಲುತ್ತದೆಯೋ ಅದರ ಈಚೆಗೆ ಅದರ ಊಟವಿದೆ. ಹೊಲದಲ್ಲಿ ಹೋಟೆಲು ಎದ್ದರೆ ವನ್ಯಧಾಮದ ಫಲಕ ಅದಕ್ಕೆ ಕಾಳು ಹಾಕುವುದಿಲ್ಲ.

ಆಬೂವಿನಿಂದ ಬೆಟ್ಟವಿಳಿದು ದಕ್ಷಿಣಕ್ಕೆ ಸುಮಾರು 220 ಕಿಲೋಮೀಟರು ಹೋದರೆ ಅಹಮದಾಬಾದ್ ಸಿಗುತ್ತದೆ. ಇಂದು ರೈಲಿನಲ್ಲಿ ಕೆಲವೇ ಗಂಟೆಗಳ ಹಾದಿ. ಫ್ರೈಯರನ ಕಾಲದಲ್ಲಿ ತಲೆಯ ಮೇಲೆ ಪಂಜರ ಹೊತ್ತವರಿಗೆ ಹತ್ತು ಹನ್ನೆರಡು ದಿನ ಹಿಡಿಯುತ್ತಿದ್ದೀತು.